ಮೂರು ಪ್ರತಿ ಮೀನು

ಎಂಟು ವರ್ಷದ ಮಾಣಿಗೆ ಆನೆ ಬರೆ ಎನ್ನಿ. ಐದು ಕಾಲು ಬಂದರೆ ಐದನೆಯದು ಸೊಂಡಿಲು ಎಂದು ದಬಾಯಿಸಿ ಮುಂದೆ ಹೋಗುತ್ತಾನೆ. ನಲವತ್ತೆಂಟು ದಾಟಿದವರಿಗೆ ಅದೇ ಮಾತು ಹೇಳಿ: ಮೊದಲು ಕನ್ನಡಕ, ಆಮೇಲೆ ರಬ್ಬರು, ಕೊನೆಗೆ "ಯಂಗೆ ಚಿತ್ರ ಬರೆಯಲೆ ಬತ್ತಿಲ್ಲೆ." ಇದೇ ಮಹಾಶಯರು ಶಿರಸಿಯ ಅಡಿಕೆ ಧಾರಣೆ ಕೇಳಲು ಫೋನು ಹಿಡಿದರೆ ಸಾಕು, ಬಲಗೈ ತಾನಾಗಿ ಕ್ಯಾಲೆಂಡರಿನ ಮೇಲೆ ಬಳ್ಳಿ ಹಬ್ಬಿಸುತ್ತದೆ. 12ನೇ ತಾರೀಖಿನ ಎರಡು ಲೀಟರು ಎಲೆಯಡಿ ಮುಚ್ಚಿಹೋಗಿ, ತಿಂಗಳ ಕೊನೆಗೆ ಹಾಲಿನವರ ಜೊತೆ ತಕರಾರು.

ಗೀಚುವ ಕೈ ಎಲ್ಲೂ ಹೋಗಿಲ್ಲ. ಅದಕ್ಕೊಂದು ಜಾಗ ತೋರಿಸಬೇಕು, ಅಷ್ಟೇ. ಜಾಗ ಆರಿಸುವುದರಲ್ಲೇ ಮುಕ್ಕಾಲು ಎಡವಟ್ಟು.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಕಾಗದ ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ಜೆಲ್ ಪೆನ್ನಿನ ಶಾಯಿಯಲ್ಲಿ ನೀರೇ ಹೆಚ್ಚು. ತೇವ ಕುಡಿದು ಉಬ್ಬಿದ ನಾರಿನ ಗುಂಟ ಅದು ಹರಡಿ, ಬಂಗಡೆಯ ಕಣ್ಣು ಬರೆಯಹೋದರೆ ಅಂಬಲಿ ಮೀನೇ ಎದ್ದುಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಾಲ್ ಪೆನ್ನೇ ಗತಿ, ಅದರದು ಎಣ್ಣೆಯ ಶಾಯಿ. ಅದಕ್ಕೂ ಒಂದು ಚಾಳಿ ಉಂಟು: ಗೆರೆ ತಿರುಗಿಸಿದಲ್ಲೆಲ್ಲ ಗುಂಡಿನ ಸುತ್ತ ಕೂಡಿಕೊಂಡ ಶಾಯಿಯನ್ನು ಪಟ್ಟನೆ ಉಗುಳುತ್ತದೆ. ಪಕ್ಕದಲ್ಲೊಂದು ಹಳೇ ಪೇಪರ್ ಚೂರು ಇಟ್ಟುಕೊಂಡು ಆಗಾಗ ಮೊನೆ ಒರೆಸಿ.

ಲಗ್ನಪತ್ರಿಕೆ ನೋಡಲು ಚೆಂದ, ಗೀಚಲು ಕೆಟ್ಟದ್ದು. ನುಣುಪು ಲೇಪ ಶಾಯಿ ಕುಡಿಯುವುದಿಲ್ಲ. ಅಂಗೈ ತಾಗಿ ಇಡೀ ಚಿತ್ರ ಅಂಗಿಯ ತೋಳಿಗೆ ವರ್ಗವಾಗುತ್ತದೆ. ಅದರ ಲಕೋಟೆ ಬಿಡಿಸಿ ಒಳಮೈ ಬಳಸಿ. ಅಂಗಡಿಯ ಮಶಿನ್ ಬಿಲ್ಲಿಗೆ ಪೆನ್ನೂ ಬೇಡ. ನುಣುಪಾದ ಕಡೆ ಉಗುರಿನಿಂದ ರಭಸವಾಗಿ ಗೀರಿದರೆ ತಿಕ್ಕಾಟದ ಬಿಸಿಗೆ ಕಪ್ಪು ಗೆರೆ ಮೂಡುತ್ತದೆ. ಈ ಕಲಾಕೃತಿಯನ್ನು ದೋಸೆ ಕಾವಲಿಯ ಹತ್ತಿರ ಮಾತ್ರ ಇಡಬೇಡಿ, ಇಡೀ ಚಿತ್ರ ಅಮಾವಾಸ್ಯೆ ಆಗುತ್ತದೆ. ಚೆಕ್ಕಿನ ಅಡಿಯ ಬಿಳಿ ಪಟ್ಟಿ ಖಾಲಿ ಇದೆಯೆಂದು ಮರುಳಾಗಬೇಡಿ. ಅದು ಬ್ಯಾಂಕಿನ ಯಂತ್ರ ಓದುವ ಜಾಗ, ಯಂತ್ರಕ್ಕೆ ಹೂವಿನ ಅಭಿರುಚಿ ಇಲ್ಲ.

ಏನು ಬರೆಯಬೇಕೆಂದು ಕೈ ತಡವರಿಸಿದರೆ ಅಂಗಳದ ಚುಕ್ಕಿ ರಂಗೋಲಿಯನ್ನೇ ಹಾಳೆಗೆ ಇಳಿಸಿ. ನಡುವೆ 7 ಚುಕ್ಕಿ, ಮೇಲೆ-ಕೆಳಗೆ 5, 3, 1, ಒಟ್ಟು 25. ಅವನ್ನು ಸುತ್ತುವರಿದು ಪೆನ್ನು ಎತ್ತದೆ ಗೆರೆ ಎಳೆಯಿರಿ. ಗೆರೆ ಹೊರಟಲ್ಲಿಗೆ ಬಂದು ಕೂಡದಿದ್ದರೆ ತಪ್ಪು ಸಾಮಾನ್ಯವಾಗಿ ಗೆರೆಯದಲ್ಲ, ವಾರೆಯಾದ ಚುಕ್ಕಿ ಸಾಲಿನದು. ವೃತ್ತ ಮೊಟ್ಟೆಯಾಗುವುದು ಮಣಿಕಟ್ಟನ್ನು ಊರಿ ತಿರುಗಿಸುವುದರಿಂದ. ಕೈ ತಿರುಗಿಸುವ ಬದಲು ಹಾಳೆ ತಿರುಗಿಸಿ. ಆದರೂ ಮೊಟ್ಟೆಯಾದರೆ ರೆಕ್ಕೆ, ಬಾಲ ಅಂಟಿಸಿ ಪಾಪ್ಲೆಟ್ ಮೀನು ಮಾಡಿ. ಅಳಿಸುವ ಮಾತು ಬೇಡ. ದೇವಸ್ಥಾನದ ಗೋಡೆಗಳಲ್ಲಿ ನಮ್ಮ ಕಾವಿ ಚಿತ್ತಾರದವರು ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು ಬಳಿದು, ಒಣಗುವ ಮೊದಲೇ ಗೀರಿ ಬಿಳಿ ಎಬ್ಬಿಸುತ್ತಿದ್ದರು. ಅಲ್ಲಿ ಎಲ್ಲಿಯ ರಬ್ಬರು!

ಚಿತ್ತನ್ನು ಚಿತ್ರ ಮಾಡುವುದರಲ್ಲಿ ದೊಡ್ಡ ಹೆಸರು ರವೀಂದ್ರನಾಥ ಟಾಗೋರರದು. ಕಾರವಾರದ ಕಡಲತೀರಕ್ಕೆ ಅವರ ಹೆಸರಿದೆ; 1883ರಲ್ಲಿ, 22ರ ಪ್ರಾಯದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದಿದ್ದರು. ಆಗ ಬರೆದದ್ದು ನಾಟಕ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಜೋಡಿಸಿ ಹಕ್ಕಿ, ಮೃಗ, ಮುಖ ಮಾಡುವ ಹುಚ್ಚು ಜೋರಾದದ್ದು 1924ರ ಸುಮಾರಿಗೆ, ಅರವತ್ತು ದಾಟಿದ ಮೇಲೆ. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಚಿತ್ರಗಳ ಪ್ರದರ್ಶನವೇ ನಡೆಯಿತು. ಸೊಸೈಟಿಯ ಮಹಾಸಭೆಯಲ್ಲಿ ಗೀಚುವವರು ಇದನ್ನು ನೆನಪಿಟ್ಟುಕೊಂಡರೆ ಅಧ್ಯಕ್ಷರು ಕೇಳಿದಾಗ ಉಪಯೋಗಕ್ಕೆ ಬಂದೀತು.

ಇನ್ನೊಂದು ಸಾಕ್ಷಿಯೂ ಉಂಟು. 2009ರಲ್ಲಿ ಪ್ರಕಟವಾದ ಮನೋವಿಜ್ಞಾನಿ ಜಾಕಿ ಆಂಡ್ರೇಡ್ ಅವರ ಪ್ರಯೋಗದಲ್ಲಿ 40 ಜನ ಎರಡೂವರೆ ನಿಮಿಷದ ನೀರಸ ಫೋನ್ ಧ್ವನಿಮುದ್ರಿಕೆ ಕೇಳಿದರು. ಕೇಳುತ್ತ ಗೀಚಿದವರಿಗೆ ಶೇ. 29ರಷ್ಟು ಹೆಚ್ಚು ನೆನಪಿತ್ತು. ಆದರೆ ಅವರು ಮಾಡಿದ್ದು ಅಚ್ಚಾದ ಚೌಕ, ವೃತ್ತಗಳ ಒಳಗೆ ಗೆರೆ ತುಂಬುವ ಕೆಲಸ, ಅಧ್ಯಕ್ಷರ ಮೂಗು ಬರೆಯುವುದಲ್ಲ.

ಅಂಗಡಿಯಲ್ಲಿ ಕೂತವರಿಗೆ ಒಂದು ಮಾತು: ಬಿಲ್ ಪುಸ್ತಕದ ಮೇಲೆ ಗೀಚುವ ಮುಂಚೆ ಕೆಳಗಿನ ಕಾರ್ಬನ್ ತೆಗೆಯಿರಿ. ಬಾಲ್ ಪೆನ್ನು ಒತ್ತಿದಷ್ಟೂ ಅಡಿಗೆ ಇಳಿಯುತ್ತದೆ. ಮೊದಲ ಮೀನು ಗಿರಾಕಿಯ ಜೊತೆ ಹೋದರೂ ಎರಡನೆಯದು ಲೆಕ್ಕದ ಫೈಲಿನಲ್ಲಿ, ಮೂರನೆಯದು ಪುಸ್ತಕದಲ್ಲೇ ಉಳಿಯುತ್ತದೆ. ವರ್ಷದ ಕೊನೆಗೆ ಆಡಿಟರು ಕೂತಾಗ ಬೇರೇನೂ ತಾಳೆಯಾಗದಿದ್ದರೂ ಮೀನು ತಾಳೆಯಾಗುತ್ತದೆ.