ಹಾಲಕ್ಕಿ ಮತ್ತು ಭಾವನ ಕುತ್ತಿಗೆ

ಉಡುಪಿಯಲ್ಲಿ ಚಳಿಗಾಲ ಅಂದರೆ ಫ್ಯಾನನ್ನು 5ರಿಂದ 3ಕ್ಕೆ ಇಳಿಸುವ ಕಾಲ. ಬೆಂಗಳೂರಿನ ಭಾವನಿಗೆ ಇದನ್ನು ಫೋನಿನಲ್ಲೇ ಹೇಳಿದ್ದೆ. ಆದರೂ ಡಿಸೆಂಬರಿನಲ್ಲಿ ಅಕ್ಕನ ಜೊತೆ ಬಂದಿಳಿದಾಗ ಅವರ ಮೈಮೇಲೆ ಸ್ವೆಟರ್, ತಲೆಗೆ ಮಂಕಿಟೋಪಿ, ಕೊರಳಲ್ಲಿ ಹೊಸ ಬೈನಾಕ್ಯುಲರ್.

"ಒಂದು ಗೂಬೆ ತೋರಿಸಯ್ಯಾ" ಅಂದರು. ಎದುರಿಗೆ ನನ್ನನ್ನು ನೋಡಿಯೂ ಹೀಗೆ ಕೇಳಿದರಲ್ಲ ಅಂತ ನನಗೆ ಸ್ವಲ್ಪ ಸಮಾಧಾನವಾಯಿತು.

ಸಂಜೆ ಮಣಿಪಾಲದ ಮಣ್ಣಪಳ್ಳ ಕೆರೆಯ ಕಡೆ ಹೋದೆವು. ಅಲ್ಲಿ ಹಕ್ಕಿಗಿಂತ ವಾಕಿಂಗಿನವರೇ ಜಾಸ್ತಿ. ಸುಮ್ನೆ ಪಕ್ಕದ ಓಣಿಗೆ ಹೊರಳಿದೆವು. ನಮಗೆ ಬೇಕಾಗಿದ್ದದ್ದು ಹಾಲಕ್ಕಿ. ಬುಡುಬುಡಿಕೆಯವರು ಶಕುನ ಹೇಳುವಾಗ ಕರೆಯುತ್ತಾರಲ್ಲ, ಅದೇ. ಮೈನಾದಷ್ಟು ಗಾತ್ರದ ಗೂಬೆ. ಕಂದು ಮೈ, ಬಿಳಿ ಚುಕ್ಕಿ, ಹಳದಿ ಕಣ್ಣು. ಅದಕ್ಕಾಗಿ ಕಾಡಿಗೆ ಹೋಗಬೇಕಿಲ್ಲ. ಹಗಲು ಪೊಟರೆಯಲ್ಲಿದ್ದು, ಕತ್ತಲಾಗುವಾಗ ಕರೆಂಟಿನ ತಂತಿ ಮೇಲೆ ಬಂದು ಕೂರುತ್ತದೆ.

ತಂತಿ ನೋಡಿ ಅಂತ ನಾನು ಹೇಳಿದರೂ ಭಾವ ಒಂದು ತೆಂಗಿನ ಮರದ ಬುಡದಲ್ಲೇ ನಿಂತರು. ಬೈನಾಕ್ಯುಲರ್ ಹಿಡಿದು ಹತ್ತು ನಿಮಿಷ ಮೇಲೆಯೇ ನೋಟ. ಸೊಳ್ಳೆ ಹೊಡೆಯಲು ಕೈ ಎತ್ತಿದರೆ "ಶ್!" ತರಗೆಲೆಯಡಿ ಇಲಿ ಓಡಿದರೂ ಗೂಬೆಗೆ ಕೇಳುತ್ತದಂತೆ. ಹಾಗಾಗಿ ನಾನು ಬಾಯಲ್ಲಿ ಊದಿ ಊದಿ ಸೊಳ್ಳೆ ಓಡಿಸುತ್ತಿದ್ದೆ.

ಆಗ ಹಿಂದಿನಿಂದ ಟಾರ್ಚ್ ಬೆಳಕು ಬಿತ್ತು. ಒಬ್ಬರು ಅಜ್ಜಿ. ಇನ್ನೊಂದು ಕೈಯಲ್ಲಿ ಕತ್ತಿ.

"ಯಾರದು? ಕಾಯಿ ಎಷ್ಟುಂಟು ಅಂತ ಲೆಕ್ಕ ಮಾಡುದಾ?"

ಭಾವ ಬೈನಾಕ್ಯುಲರನ್ನು ಕಣ್ಣಿನಿಂದ ತೆಗೆಯದೆ, ಹಾಗೇ ಅಜ್ಜಿಯ ಕಡೆಗೆ ತಿರುಗಿ, "ಗೂಬೆ!" ಅಂತ ಪಿಸುಗುಟ್ಟಿದರು.

"ಎಂತ? ಯಾರಿಗೆ ಹೇಳಿದ್ದು?"

ನಾನು ನಡುವೆ ಹಾರಿ, ಹಾಗಲ್ಲ ಅಜ್ಜಿ, ಹಕ್ಕಿ ನೋಡ್ಲಿಕ್ಕೆ ಬಂದದ್ದು ಅಂದೆ. ಅವರು ನಂಬಲಿಲ್ಲ. ನಮ್ಮೂರ ಸೆಕೆಯಲ್ಲಿ ಮಂಕಿಟೋಪಿ ಹಾಕಿಕೊಂಡು ಕತ್ತಲಲ್ಲಿ ತೆಂಗಿನ ಮರದಡಿ ನಿಂತವನನ್ನು ನಾನಾದರೂ ನಂಬುತ್ತಿರಲಿಲ್ಲ. ಕೊನೆಗೆ ಅಜ್ಜಿ ಕತ್ತಿಯನ್ನೇ ಎತ್ತಿ ತೋರಿಸಿದರು. "ಅಗೋ, ಅಲ್ಲೇ ಕೂತಿದೆ. ಅದಕ್ಕೆ ದುರ್ಬೀನು ಎಂತಕ್ಕೆ?"

ಭಾವನ ಬೆನ್ನ ಹಿಂದಿನ ತಂತಿ ಮೇಲೆ ಹಾಲಕ್ಕಿ! ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಾ ನಮ್ಮನ್ನೇ ನೋಡುತ್ತಿತ್ತು. ಎಷ್ಟು ಹೊತ್ತಿನಿಂದಲೋ.

ಭಾವ ಗಕ್ಕನೆ ತಿರುಗಿದರು. ಕಾಲು ತಿರುಗಲಿಲ್ಲ, ಸೊಂಟ ತಿರುಗಲಿಲ್ಲ, ಕುತ್ತಿಗೆ ಮಾತ್ರ ಎಡಕ್ಕೆ. ಲಟಕ್! ಗೂಬೆಗಾದರೆ ಕುತ್ತಿಗೆಯಲ್ಲಿ 14 ಮೂಳೆ, ತಲೆ 270 ಡಿಗ್ರಿಯವರೆಗೂ ತಿರುಗುತ್ತದೆ. ಭಾವನಿಗಿರುವುದು ನಮ್ಮೆಲ್ಲರ ಹಾಗೆ 7. ಅವರು "ಅಮ್ಮಾ!" ಅಂದ ರಭಸಕ್ಕೆ ಹಾಲಕ್ಕಿ ಹಾರಿಹೋಯಿತು. ಅವರಿಗೆ ಕಂಡದ್ದು ಬರೀ ತಂತಿ.

ಮನೆಗೆ ಬಂದರೆ ಅಕ್ಕ ಇನ್ನೊಂದು ಗೂಬೆ ತಂದು ನನ್ನ ತಲೆ ಮೇಲೆ ಕೂರಿಸಿದಳು. "ಅವರಿಗೆ ಬುದ್ಧಿ ಇಲ್ಲ ಸರಿ, ನಿನಗೂ ಇಲ್ವಾ?" ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟೆವು. ಎರಡು ದಿನವಾದರೂ ಕುತ್ತಿಗೆ ಎಡಕ್ಕೇ ಇತ್ತು.

ವಾಪಸ್ ಹೋಗುವ ರಾತ್ರಿ ಬಸ್ಸಿಗೆ ಎಡಗಡೆಯ ಕಿಟಕಿ ಸೀಟೇ ಬೇಕೆಂದು ಹಟ ಹಿಡಿದು ಬುಕ್ ಮಾಡಿಸಿದೆ. ಬಲಗಡೆ ಸಿಕ್ಕಿದ್ದರೆ ಬೆಂಗಳೂರಿನವರೆಗೂ ಭಾವ ಪಕ್ಕದವರ ಮುಖವನ್ನೇ ನೋಡುತ್ತಾ ಕೂರಬೇಕಿತ್ತು.