ಮರೆವಿನ ಶಿಬಿರಕ್ಕೆ ಮರೆಯದೆ ಬನ್ನಿ

ನಮ್ಮ ಬಡಾವಣೆಯ ಉದ್ಯಾನದ ಬೇಲಿಗೆ ಕಳೆದ ತಿಂಗಳು ಕಟ್ಟಿದ್ದ ಬ್ಯಾನರಿನಲ್ಲಿ, ತಲೆಯ ಸುತ್ತ ಪ್ರಶ್ನಾರ್ಥಕ ಚಿಹ್ನೆಗಳನ್ನು ಹೊತ್ತ ವೃದ್ಧರೊಬ್ಬರ ಚಿತ್ರದ ಕೆಳಗೆ, ‘ಉಚಿತ ನೆನಪಿನ ಶಕ್ತಿ ತಪಾಸಣಾ ಶಿಬಿರ, ಮರೆಯದೆ ಬನ್ನಿ’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಮರೆವಿನಿಂದ ನರಳುವವರನ್ನು ಮರೆಯದೆ ಬನ್ನಿರೆಂದು ಕರೆಯುವುದರಲ್ಲಿ ಏನೋ ಎಡವಟ್ಟಿದೆ ಎಂದು ನಿವಾಸಿಗಳ ಸಂಘದ ಕಾರ್ಯದರ್ಶಿಗಳಿಗೆ ನಾನು ವಿನಯದಿಂದಲೇ ತಿಳಿಸಿದೆ. ಅವರು ನನ್ನನ್ನು ಕರುಣೆಯಿಂದ ನೋಡಿ, ‘ಸಾರ್, ಈ ಮಾತನ್ನು ಈ ವಾರದಲ್ಲಿ ನೀವು ಎರಡನೆಯ ಸಲ ಹೇಳುತ್ತಿದ್ದೀರಿ. ಮೊದಲ ಟೋಕನ್ ನಿಮಗೇ ಇಟ್ಟಿರುತ್ತೇನೆ’ ಎಂದರು. ಒಂದೇ ಮಾತನ್ನು ಎರಡೆರಡು ಸಲ ಹೇಳಿ ಸಂಭಾವನೆ ಪಡೆಯುವುದು ಅಂಕಣಕಾರರ ಕುಲಕಸುಬು ಎಂದು ವಾದಿಸುವ ಧೈರ್ಯ ನನಗೆ ಆ ಹೊತ್ತಿನಲ್ಲಿ ಬರಲಿಲ್ಲ.

ಭಾನುವಾರ ಬೆಳಗಿನ 7 ಗಂಟೆಗೆ ಸಮುದಾಯ ಭವನ ಕಿಕ್ಕಿರಿದಿತ್ತು. ತಮ್ಮ ಮರೆವು ಮಿತಿಮೀರಿದೆಯೆಂದು ನೊಂದಿದ್ದ ಅಷ್ಟೂ ಜನ ದಿನಾಂಕವನ್ನು ನೆನಪಿಟ್ಟಿದ್ದರು, ವೇಳೆಯನ್ನು ನೆನಪಿಟ್ಟಿದ್ದರು, ಬ್ಯಾನರಿನ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿದ್ದ ‘ಬರಿಹೊಟ್ಟೆಯಲ್ಲಿ ಬರತಕ್ಕದ್ದು’ ಎಂಬ ಸೂಚನೆಯನ್ನೂ ನೆನಪಿಟ್ಟು, ಆಧಾರ್ ಕಾರ್ಡಿನ ಜೆರಾಕ್ಸ್ ಪ್ರತಿಯನ್ನು ಮಡಿಕೆ ಬೀಳದಂತೆ ತಂದಿದ್ದರು. ನನ್ನ ಮುಂದೆ ನಿಂತಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರರ ಕೈಯಲ್ಲಿ, ಕಳೆದ ಮೂರು ತಿಂಗಳಲ್ಲಿ ತಾವು ಮರೆತ ಸಂಗತಿಗಳ ಎರಡು ಪುಟಗಳ ಪಟ್ಟಿ, ಲೆಡ್ಜರಿನ ಶಿಸ್ತಿನಲ್ಲಿ ಸಿದ್ಧವಾಗಿತ್ತು. ‘9ನೇ ತಾರೀಖು, ಬೆಳಗ್ಗೆ 6.40, ಹಾಲಿನವನಿಗೆ ಕೊಡಬೇಕಾದ ಚಿಲ್ಲರೆ ಮರೆತದ್ದು’ ಎಂಬ ನಮೂದಿನ ಪಕ್ಕದಲ್ಲಿ ‘7.15ಕ್ಕೆ ನೆನಪಾಯಿತು’ ಎಂಬ ಷರಾ ಕೂಡ ಇತ್ತು. ‘ನಿಮ್ಮ ಪಟ್ಟಿ ಎಲ್ಲಿ?’ ಎಂದು ಅವರು ಕೇಳಿದಾಗ, ಪಟ್ಟಿಯನ್ನು ಮಾಡಲು ಮರೆತೆನೆಂದು ನಾನು ಒಪ್ಪಿಕೊಂಡ ಕೂಡಲೇ ಸಾಲಿನಲ್ಲಿದ್ದ ನಾಲ್ಕಾರು ಜನ ಹಿಂದಿರುಗಿ ನೋಡಿ, ತೀವ್ರ ಸ್ಥಿತಿಯ ರೋಗಿಗೆ ಸಲ್ಲಬೇಕಾದ ಗೌರವದಿಂದ ದಾರಿ ಬಿಟ್ಟರು.

ಸಾಲಿನಲ್ಲಿ ಕಿವಿಗೆ ಬಿದ್ದ ರೋಗಲಕ್ಷಣಗಳು ಒಂದಕ್ಕಿಂತ ಒಂದು ಭೀಕರವಾಗಿದ್ದವು. ಒಬ್ಬರು ಮೊಬೈಲಿನ ಟಾರ್ಚ್ ಹಾಕಿಕೊಂಡು ಅದೇ ಮೊಬೈಲನ್ನು ಮಂಚದ ಕೆಳಗೆ ಹುಡುಕಿದ್ದರು. ಇನ್ನೊಬ್ಬರು ಅಡುಗೆಮನೆಗೆ ಹೋಗಿ ಏಕೆ ಬಂದೆನೆಂದು ತಿಳಿಯದೆ, ಬಂದ ತಪ್ಪಿಗೆ ಒಂದು ಲೋಟ ನೀರು ಕುಡಿದು ಹಿಂದಿರುಗಿದ್ದರು. ಮೂರನೆಯವರು ಹಿರಿಯ ಮೊಮ್ಮಗನನ್ನು ಕರೆಯಲು ಹೊರಟು, ಇಬ್ಬರು ಗಂಡುಮಕ್ಕಳ ಹೆಸರನ್ನೂ ಮನೆಯ ನಾಯಿಯ ಹೆಸರನ್ನೂ ದಾಟಿದ ಮೇಲೆಯೇ ಅವನ ಹೆಸರನ್ನು ತಲುಪುತ್ತಿದ್ದರು. ಇವರೆಲ್ಲರೂ ನಡುರಾತ್ರಿಯಲ್ಲಿ ಎದ್ದು ಕುಳಿತು ಗೂಗಲ್‌ನಲ್ಲಿ ಹುಡುಕಿದ್ದರು, ವಾಟ್ಸ್ಆ್ಯಪ್‌ನಲ್ಲಿ ಬಂದ ಒಗಟಿನಲ್ಲಿ ಸಾಲು ಸಾಲು 9ರ ನಡುವೆ ಅಡಗಿದ್ದ ಒಂದು 6ನ್ನು ಕಂಡುಹಿಡಿದಿದ್ದರು, ಅದು ಸಿಕ್ಕಿದವರು ನರರೋಗ ತಜ್ಞರ ಬಳಿಗೆ ಹೋಗಬೇಕಾಗಿಲ್ಲವೆಂಬ ಭರವಸೆಯನ್ನೂ ಓದಿದ್ದರು. ಆದರೂ ಅದು ಸಿಗಲು ಹಿಡಿದ ಹತ್ತು ಸೆಕೆಂಡುಗಳು ಹೆಚ್ಚಾದವೇನೋ ಎಂಬ ಚಿಂತೆಯಿಂದ ಮತ್ತೆ ನಿದ್ದೆಗೆಟ್ಟಿದ್ದರು.

ನನ್ನ ಅಜ್ಜಿ ಯಾವುದಾದರೂ ಕೆಲಸ ನೆನಪಿರಲಿ ಎಂದು ಸೆರಗಿನ ತುದಿಗೆ ಗಂಟು ಹಾಕುತ್ತಿದ್ದಳು. ಸಂಜೆಯ ಹೊತ್ತಿಗೆ ಗಂಟು ಕಣ್ಣಿಗೆ ಬಿದ್ದಾಗ, ಅದು ಯಾವುದಕ್ಕೆ ಹಾಕಿದ ಗಂಟು ಎಂಬುದು ನೆನಪಾಗದೆ, ಮನೆಮಂದಿಯನ್ನೆಲ್ಲ ವಿಚಾರಿಸಿ, ಎಲ್ಲರೂ ನಕ್ಕು, ತಾನೂ ನಕ್ಕು, ಗಂಟನ್ನು ಬಿಚ್ಚಿಬಿಡುತ್ತಿದ್ದಳು. ಕಂಕುಳಲ್ಲಿ ಕೂಸನ್ನು ಇಟ್ಟುಕೊಂಡು ಊರೆಲ್ಲ ಹುಡುಕಿದವರ ಗಾದೆಯನ್ನು ಕಟ್ಟಿದ ಸಮಾಜವು ಆ ತಾಯಿಗೆ ಸ್ಕ್ಯಾನಿಂಗ್ ಬರೆದುಕೊಡಲಿಲ್ಲ, ಗಾದೆಯನ್ನು ಮಾತ್ರ ಕಟ್ಟಿ ಸುಮ್ಮನಾಯಿತು. ಈಗ ಅದೇ ತಾಯಿ ಸಾಲಿನಲ್ಲಿ ನಿಂತಿದ್ದರೆ ಟೋಕನ್ ಸಂಖ್ಯೆ 43 ಸಿಗುತ್ತಿತ್ತು, ಕೂಸಿಗೆ ಪ್ರತ್ಯೇಕ ಟೋಕನ್.

ತಪಾಸಣೆಯ ಮೇಜಿನ ಹಿಂದೆ ಕುಳಿತಿದ್ದ ಯುವಕನು ನೂರರಿಂದ ಏಳೇಳನ್ನು ಕಳೆಯುತ್ತಾ ಹೋಗಿರೆಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದನು. ಇದು ಅವನ ಸ್ವಂತ ಸೃಷ್ಟಿಯಲ್ಲ. 1975ರಿಂದ ಜಗತ್ತಿನಾದ್ಯಂತ ಬಳಕೆಯಲ್ಲಿರುವ, 30 ಅಂಕಗಳ ಮಿನಿ ಮೆಂಟಲ್ ಸ್ಟೇಟ್ ಪರೀಕ್ಷೆಯ ಒಂದು ತುಣುಕು. ತರಬೇತಿ ಪಡೆದ ವೈದ್ಯರ ಕೈಯಲ್ಲಿ ಅದೊಂದು ಉಪಯುಕ್ತ ಸಾಧನವೇ ಸರಿ. ಇಲ್ಲಿ ಮಾತ್ರ, 93, 86, 79 ಎಂಬ ಉತ್ತರಗಳನ್ನು ಯುವಕನು ಅಂಗೈ ಮೇಲೆ ಬರೆದುಕೊಂಡಿದ್ದನು. ಬ್ಯಾಂಕ್ ಮ್ಯಾನೇಜರರು ಒಂದೇ ಉಸಿರಿನಲ್ಲಿ ಎರಡರವರೆಗೆ ಇಳಿದುಹೋದಾಗ ಅಂಗೈಯಲ್ಲಿ ಜಾಗ ಸಾಲದೆ ಅವನು ಮೊಬೈಲಿನ ಕ್ಯಾಲ್ಕ್ಯುಲೇಟರ್ ತೆರೆದು ತಾಳೆ ನೋಡಬೇಕಾಯಿತು, ನೋಡಿದ ಮೇಲೂ ‘ಸ್ವಲ್ಪ ಎಚ್ಚರಿಕೆ ಅಗತ್ಯ’ ಎಂಬ ಚೌಕದಲ್ಲಿಯೇ ಗುರುತು ಹಾಕಿದನು. ಆ ಕಾಗದದಲ್ಲಿ ಇದ್ದದ್ದು ಎರಡೇ ಚೌಕಗಳು, ಇನ್ನೊಂದು ‘ತುರ್ತು’.

ನಮೂನೆಯ ಮುಂದಿನ ಪ್ರಶ್ನೆ, ಹೆಂಗಸರಿಗೆ ಗಂಡನ ಹೆಸರು. ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬರು ನಾಚಿ ತಲೆ ತಗ್ಗಿಸಿ ಸುಮ್ಮನೆ ಕುಳಿತರು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದೆ, ಹೇಳಲೇಬೇಕಾದಾಗ ಒಡಪು ಕಟ್ಟಿ ಅದರೊಳಗೆ ಹೆಸರನ್ನು ಅಡಗಿಸಿ ಹೇಳುವ ಸಂಪ್ರದಾಯದಲ್ಲಿ ಅರುವತ್ತು ವರ್ಷ ಸಂಸಾರ ಮಾಡಿದವರಿಗೆ ಯುವಕನು ಆ ಪ್ರಶ್ನೆಗೆ ಸೊನ್ನೆ ಕೊಟ್ಟನು. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಆಲೋಯಿಸ್ ಅಲ್ಝೈಮರ್ ಎಂಬ ವೈದ್ಯರು ಆಗುಸ್ಟ ಡೆಟರ್ ಎಂಬ ಐವತ್ತೊಂದು ವರ್ಷದ ಹೆಂಗಸಿಗೆ ಇದೇ ಪ್ರಶ್ನೆಯನ್ನು ಕೇಳಿದ್ದರು, ಆಕೆ ಗಂಡನ ಹೆಸರಿನ ಬದಲು ತನ್ನ ಹೆಸರನ್ನೇ ಹೇಳಿದ್ದಳು. ಆ ರೋಗಿಯ ವೃತ್ತಾಂತವನ್ನು ವೈದ್ಯರು 1906ರಲ್ಲಿ ತಮ್ಮ ಸಹೋದ್ಯೋಗಿಗಳ ಮುಂದಿಟ್ಟರು, 1910ರಲ್ಲಿ ರೋಗಕ್ಕೆ ಅವರ ಹೆಸರೇ ಬಂತು. ಅಲ್ಲಿ ಹೆಸರೇ ಅಳಿಸಿಹೋಗಿತ್ತು. ಇಲ್ಲಿ ಹೆಸರು ಎದೆಯಲ್ಲಿ ಭದ್ರವಾಗಿದ್ದು ನಾಲಿಗೆಗೆ ಮಾತ್ರ ಮರ್ಯಾದೆ ಅಡ್ಡ ಬಂದಿತ್ತು. ಇವೆರಡನ್ನು ಬೇರ್ಪಡಿಸುವ ಚೌಕ ನಮೂನೆಯಲ್ಲಿರಲಿಲ್ಲ.

ಅಡುಗೆಮನೆಯಲ್ಲಿ ಬೆಪ್ಪಾಗಿ ನಿಲ್ಲುವ ವಿಚಾರಕ್ಕೆ ಬಂದರೆ, ಅದಕ್ಕೆ ರೋಗಕ್ಕಿಂತ ಹೊಸ್ತಿಲು ಹೆಚ್ಚು ಕಾರಣ. ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ಗೇಬ್ರಿಯಲ್ ರಾಡ್ವಾನ್‌ಸ್ಕಿ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದೇ ಕೋಣೆಯಲ್ಲಿ ಅಷ್ಟೇ ದೂರ ನಡೆದಾಗ ನೆನಪಿದ್ದ ವಸ್ತುಗಳು, ಬಾಗಿಲು ದಾಟಿ ಇನ್ನೊಂದು ಕೋಣೆಗೆ ಹೋದಾಗ ಹೆಚ್ಚಾಗಿ ಮರೆತುಹೋಗುತ್ತಿದ್ದವು. ಮರೆತವರು ಎಳೆಯ ಕಾಲೇಜು ವಿದ್ಯಾರ್ಥಿಗಳು. (ಈ ಸಂಗತಿ ವಾಸ್ತು ತಜ್ಞರ ಕಿವಿಗೆ ಬೀಳದಿರಲಿ, ಬಿದ್ದರೆ ನಾಳೆಯಿಂದ ಈಶಾನ್ಯದ ಬಾಗಿಲಿಗೆ ನೆನಪು, ನೈಋತ್ಯದ ಬಾಗಿಲಿಗೆ ಮರೆವು ಎಂದು ಗೋಡೆ ಒಡೆಸುತ್ತಾರೆ.) ಅದಕ್ಕೂ ಬಹಳ ಹಿಂದೆ, 1885ರಲ್ಲಿ, ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ತನ್ನನ್ನೇ ಪರೀಕ್ಷಿಸಿಕೊಂಡು, ಕಲಿತದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಒಂದು ಗಂಟೆಯೊಳಗೆ ಸೋರಿಹೋಗುತ್ತದೆಂದು ತೋರಿಸಿದ್ದರು. ಆ ಮಹನೀಯರು ತಮಗೇನೋ ಆಗಿದೆಯೆಂದು ಹೆದರಲಿಲ್ಲ, ಕುಳಿತು ನಕ್ಷೆ ಬರೆದರು. ಮನೆಯ ಬೀಗ ಹಾಕುವಾಗ ಮನಸ್ಸು ಕಚೇರಿಯ ಜಗಳದಲ್ಲಿದ್ದರೆ ಬೀಗ ಹಾಕಿದ್ದು ನೆನಪಿನ ಪೆಟ್ಟಿಗೆಯೊಳಗೆ ಹೋಗಿರುವುದೇ ಇಲ್ಲ. ಇಡದ ಗಂಟನ್ನು ಕಳೆದುಕೊಂಡೆನೆಂದು ಠಾಣೆಗೆ ದೂರು ಕೊಡುವವರಂತೆ ನಾವು ಮಿದುಳಿನ ಮೇಲೆ ದೂರು ಕೊಡುತ್ತೇವೆ.

ಮಕ್ಕಳ ಸಾಲು ಬೇರೆಯೇ ಇತ್ತು. ನಾಲ್ಕನೆಯ ತರಗತಿಯ ಹುಡುಗನೊಬ್ಬನು ಗಣಿತದ ಪಾಠದಲ್ಲಿ ಕಿಟಕಿಯಾಚೆ ನೋಡುತ್ತಾನೆಂಬ ದೂರಿನೊಂದಿಗೆ ಬಂದಿದ್ದ ಅವನ ತಾಯಿ, ಇದು ಗಮನ ಒಂದೆಡೆ ನಿಲ್ಲದ ಎಡಿಎಚ್‌ಡಿಯೋ ಮೂರ್ಛೆರೋಗವೋ ಎಂದು ತಿಳಿಯದೆ ಕಂಗಾಲಾಗಿದ್ದರು. ಮಾತು, ಆಟ, ಊಟ ಯಾವುದರ ನಡುವೆಯಾದರೂ ಮಗು ತಟಕ್ಕನೆ ನಿಂತು, ಕೆಲವು ಸೆಕೆಂಡು ಶೂನ್ಯದೃಷ್ಟಿಯಲ್ಲಿದ್ದು, ಮುಟ್ಟಿ ಕರೆದರೂ ಓಗೊಡದಿರುವ ಮೂರ್ಛೆಯ ಬಗೆಯೊಂದು ನಿಜವಾಗಿಯೂ ಇದೆ, ಅದಕ್ಕೆ ಚಿಕಿತ್ಸೆಯೂ ಇದೆ. ಈ ಹುಡುಗನಾದರೋ, ಕಿಟಕಿಯಾಚೆ ಏನಿತ್ತಪ್ಪಾ ಎಂದು ನಾನು ಕೇಳಿದಾಗ, ಕಾಗೆಯೊಂದು ಗೂಡಿಗೆ ತಂತಿಯ ತುಂಡು ತಂದದ್ದನ್ನೂ ಅದು ಮೂರು ಸಲ ಬಿದ್ದದ್ದನ್ನೂ ಸಾದ್ಯಂತ ವರ್ಣಿಸಿದನು. ಹಗಲುಗನಸಿಗೂ ಈಗ ಶಾಸ್ತ್ರೀಯ ಬಿರುದುಗಳಿವೆ. ಬದುಕನ್ನೇ ನುಂಗುವಷ್ಟು ಅತಿಯಾದ ಹಗಲುಗನಸನ್ನು ಇಸ್ರೇಲಿನ ಈಲೈ ಸೋಮರ್ 2002ರಲ್ಲಿ ಪ್ರತ್ಯೇಕವಾಗಿ ವಿವರಿಸಿ ಹೆಸರಿಟ್ಟರು. ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿ ಅದನ್ನು ಇನ್ನೂ ರೋಗವೆಂದು ಪಟ್ಟಿಮಾಡಿಲ್ಲ, ಮೂವತ್ತು ಸೆಕೆಂಡಿನ ರೀಲ್ಸ್‌ಗಳು ಮಾಡಿವೆ. 2010ರಲ್ಲಿ ಹಾರ್ವರ್ಡಿನ ಸಂಶೋಧಕರಿಬ್ಬರು 2,250 ವಯಸ್ಕರನ್ನು ಫೋನಿನ ಮೂಲಕ ಆಗಾಗ ವಿಚಾರಿಸಿದಾಗ, ಅವರ ಎಚ್ಚರದ ಹೊತ್ತಿನ ಶೇ 46.9ರಷ್ಟು ವೇಳೆಯಲ್ಲಿ ಮನಸ್ಸು ಕೈಲಿದ್ದ ಕೆಲಸವನ್ನು ಬಿಟ್ಟು ಬೇರೆಲ್ಲೋ ಇತ್ತು. ಹೀಗೆ ಅಲೆಯುವವರ ಮನಸ್ಸು ಹೆಚ್ಚು ಸುಖವಾಗಿರಲಿಲ್ಲ ಎಂದೂ ಆ ಅಧ್ಯಯನ ಹೇಳುತ್ತದೆ, ಅದು ಬೇರೆ ಮಾತು. ಆದರೆ ಮನುಷ್ಯಕುಲದ ಅರ್ಧ ಆಯುಷ್ಯವನ್ನು ರೋಗವೆಂದು ಕರೆದರೆ ಆಸ್ಪತ್ರೆಗೆ ಕಟ್ಟಡ ಸಾಲುವುದಿಲ್ಲ.

ಶಿಬಿರ ಉಚಿತವಾಗಿತ್ತು, ಶಿಬಿರದ ನಂತರದ ಬದುಕು ಉಚಿತವಲ್ಲ. 14,999 ರೂಪಾಯಿಯ ‘ಪ್ಲಾಟಿನಂ ಮೆಮೊರಿ ಪ್ಯಾಕೇಜ್’ ಅಂದು ಸಂಜೆಯೊಳಗೆ ಮಾತ್ರ 4,999ಕ್ಕೆ ಸಿಗುತ್ತಿತ್ತು, ದಂಪತಿಗಳಿಗೆ ಇನ್ನಷ್ಟು ರಿಯಾಯಿತಿ. ಮರೆವಿಗೆ ಕಾರಣವಾಗಬಲ್ಲ, ಆದರೆ ಸುಲಭವಾಗಿ ಸರಿಪಡಿಸಬಹುದಾದ ವಿಟಮಿನ್ ಬಿ12ರ ಕೊರತೆ ಮತ್ತು ಥೈರಾಯ್ಡ್ ದೋಷಗಳ ಪರೀಕ್ಷೆಗಳು ಆ ಪಟ್ಟಿಯ ತೀರಾ ಕೆಳಗೆ, ಉಪ್ಪಿನಕಾಯಿಯ ಸ್ಥಾನದಲ್ಲಿದ್ದವು. ಎಲೆಯ ನಡುವೆ ಬಡಿಸಿದ್ದು ಎಂಆರ್‌ಐ. ಪಕ್ಕದ ಮೇಜಿನಲ್ಲಿ ಒಂದೆಲಗದ ಮಾತ್ರೆಗಳ ಡಬ್ಬಿಗಳಿದ್ದವು. ನನ್ನ ಅಜ್ಜಿ ಹಿತ್ತಲಿನ ಅದೇ ಎಲೆಯಿಂದ ನೆನಪು ಚುರುಕಾಗಲೆಂದು ನಮಗೆಲ್ಲ ತಂಬುಳಿ ಮಾಡಿ ಬಡಿಸುತ್ತಿದ್ದಳು, ಅದಕ್ಕೆ ಉಪ್ಪು ಹಾಕಲು ಮರೆಯುತ್ತಿದ್ದಳು.

ಬ್ಯಾಂಕ್ ಮ್ಯಾನೇಜರರು ಎಂಆರ್‌ಐ ಮಾಡಿಸಿದರು. ‘ಮಿದುಳಿನಲ್ಲಿ ವಯಸ್ಸಿಗೆ ತಕ್ಕ ಕುಗ್ಗುವಿಕೆ ಇದೆ, ರೋಗಲಕ್ಷಣಗಳೊಂದಿಗೆ ತಾಳೆ ನೋಡುವುದು’ ಎಂಬ ವರದಿ ಬಂತು. ತಲೆಗೂದಲು ವಯಸ್ಸಿಗೆ ತಕ್ಕಂತೆ ನರೆತಿದೆ ಎಂಬುದಕ್ಕಿಂತ ಹೆಚ್ಚಿನ ಅರ್ಥ ಆ ವಾಕ್ಯದಲ್ಲಿರಲಿಲ್ಲ. ಆದರೆ ಅವರು ‘ವಯಸ್ಸಿಗೆ ತಕ್ಕ’ ಎಂಬ ಎರಡು ಪದಗಳನ್ನು ಬಿಟ್ಟು ‘ಕುಗ್ಗುವಿಕೆ’ಯೊಂದನ್ನೇ ಮನೆಗೆ ಒಯ್ದರು. ಅಂದಿನಿಂದ ನಿದ್ದೆ ಹೋಯಿತು. ನಿದ್ದೆಗೆ ಮಾತ್ರೆ ಬಂತು. ನಿದ್ದೆಗೆಟ್ಟ ತಲೆಗೂ ನಿದ್ದೆಮಾತ್ರೆಯ ಮಂಪರಿನ ತಲೆಗೂ ನೆನಪು ಮಸುಕಾಗುವುದು ಸಹಜವಾದ್ದರಿಂದ ಪಟ್ಟಿ ನಾಲ್ಕು ಪುಟಗಳಿಗೆ ಬೆಳೆಯಿತು. ಹೀಗೆ ರೋಗವಿದೆಯೆಂಬ ಭಯವೇ ಬದುಕನ್ನು ಆಳತೊಡಗುವ ಸ್ಥಿತಿಗೆ ಅದೇ ಮನೋವೈದ್ಯರ ಕೈಪಿಡಿಯು 2013ರ ಆವೃತ್ತಿಯಲ್ಲಿ, ಹಳೆಯ ಹೈಪೊಕಾಂಡ್ರಿಯಾಸಿಸ್ ಎಂಬ ಪದವನ್ನು ಕೈಬಿಟ್ಟು, ರೋಗಭೀತಿಗೆ ಪ್ರತ್ಯೇಕ ಹೆಸರನ್ನೇ ಕೊಟ್ಟಿದೆ. ಅದಕ್ಕೆ ಮಾತಿನ ಚಿಕಿತ್ಸೆ ಇದೆ, ಗುಣವೂ ಆಗುತ್ತದೆ. ಪ್ಲಾಟಿನಂ ಪ್ಯಾಕೇಜಿನ ಅಷ್ಟೂ ಪರೀಕ್ಷೆಗಳಲ್ಲಿ ಅದೊಂದು ಮಾತ್ರ ಇರಲಿಲ್ಲ. ಅದು ಗುಣವಾದರೆ ಮುಂದಿನ ಭಾನುವಾರ ಸಮುದಾಯ ಭವನಕ್ಕೆ ಬರುವವರು ಯಾರು?

ನಿಜವಾದ ರೋಗ ಇಲ್ಲವೆಂದಲ್ಲ. ಭಾರತದಲ್ಲಿ ಅರುವತ್ತು ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ, ನೆನಪೂ ಬುದ್ಧಿಯೂ ಕುಂದುತ್ತಾ ಹೋಗುವ ಡಿಮೆನ್ಶಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿದೆ. ಕೀಲಿಕೈ ಎಲ್ಲಿಟ್ಟೆನೆಂದು ಮರೆಯುವುದಕ್ಕೂ, ಕೀಲಿಕೈಯನ್ನು ಕೈಯಲ್ಲಿ ಹಿಡಿದು ಇದು ಯಾವುದಕ್ಕೆ ಎಂದು ತಿಳಿಯದಿರುವುದಕ್ಕೂ ಇರುವ ಅಂತರವೇ ಅದರ ಅಳತೆ. ಈ ರೋಗ ತಟ್ಟಿದವರು ಬಹುಮಟ್ಟಿಗೆ ಪಟ್ಟಿ ಹಿಡಿದು ಒಬ್ಬರೇ ಬರುವುದಿಲ್ಲ. ತನಗೇನೂ ಆಗಿಲ್ಲವೆಂದು ಹಟ ಮಾಡುವವರನ್ನು ಮನೆಯವರು ಕರೆತರುತ್ತಾರೆ, ಕೇಳಿದ ಪ್ರಶ್ನೆಗೆ ಉತ್ತರಿಸುವ ಮೊದಲು ಅವರು ಪಕ್ಕದಲ್ಲಿರುವವರ ಮುಖ ನೋಡುತ್ತಾರೆ. ಆದರೆ ಕರೆತರಬೇಕಾದ ಮನೆಯವರಿಗೆ ಅರುವತ್ತಕ್ಕೆ ಅರಳು ಮರಳು ಎಂಬ ಗಾದೆ ಸಿದ್ಧವಾಗಿದೆ.

ಶಿಬಿರ ಮುಗಿದು ಹೊರಗೆ ಬಂದಾಗ ನಮ್ಮ ಹಿಂದಿನ ಬೀದಿಯ ಅಜ್ಜಿಯೊಬ್ಬರು ಉದ್ಯಾನದ ಬೇಲಿಯ ಬಳಿ, ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ ಹಾಕಿಕೊಂಡು ನಿಂತು, ಬ್ಯಾನರನ್ನು ಅಕ್ಷರ ಅಕ್ಷರವಾಗಿ ಓದುತ್ತಿದ್ದರು. ನನ್ನನ್ನು ಕಂಡು ‘ಮರೆಯದೆ ಬನ್ನಿ ಅಂತ ಹಾಕಿದ್ದಾರೆ. ಯಾರ ಮದುವೆ ಕಣಪ್ಪಾ?’ ಎಂದು ಕೇಳಿದರು. ಈಚೆಗೆ ಅವರು ದಾರಿ ತಪ್ಪುತ್ತಿದ್ದಾರೆಂದೂ, ತೀರಿಹೋಗಿ ಹನ್ನೆರಡು ವರ್ಷವಾದ ಯಜಮಾನರಿಗೆ ಸಂಜೆ ಕಾಫಿ ಮಾಡಿಡುತ್ತಾರೆಂದೂ ಬೀದಿಗೆಲ್ಲ ಗೊತ್ತು. ಅಷ್ಟರಲ್ಲಿ ಅವರ ಸೊಸೆ ಶಿಬಿರದ ಫೈಲನ್ನು ಎದೆಗವಚಿಕೊಂಡು ಭವನದಿಂದ ಹೊರಬಂದು, ‘ಏನೂ ತಿಳಿದುಕೊಳ್ಳಬೇಡಿ ಸಾರ್, ಅರಳು ಮರಳು, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ’ ಎಂದು ನಗುತ್ತಾ ಅತ್ತೆಯವರ ಕೈ ಹಿಡಿದುಕೊಂಡರು. ಎರಡು ಹೆಜ್ಜೆ ಹೋದವರು ಹಿಂದಿರುಗಿ, ಗಾಬರಿ ತುಂಬಿದ ದನಿಯಲ್ಲಿ, ‘ನನ್ನ ಸ್ಕ್ಯಾನಿಂಗ್‌ಗೆ ಗುರುವಾರ ಟೈಮ್ ಕೊಟ್ಟಿದ್ದಾರೆ ಸಾರ್. ಮೊನ್ನೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಎರಡು ಸಲ ಹೋಗಿ ನೋಡಿಬಿಟ್ಟೆ’ ಎಂದರು.