ಫರ್ಸಿ ಮೇಲಿರುವುದು ಡೈನೋಸಾರ್ ಕಾಲದ ಗಿಡ ಅಲ್ಲ

ಶಹಾಬಾದ್ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಸುಣ್ಣದ ಕಲ್ಲಿನ ಚಪ್ಪಡಿ, ಸೀಳಿದಾಗ ಡೈನೋಸಾರ್ ಕಾಲದ ಜರಿಗಿಡದ ಅಚ್ಚು ಸಿಕ್ಕಿದೆ ಅಂತ ಕಲಬುರಗಿಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಫೋಟೊ ಓಡಾಡುತ್ತಿದೆ. ಅದು ಗಿಡ ಅಲ್ಲ. ಕಲ್ಲಿನ ಬಿರುಕಿಗೆ ನೀರು ಇಳಿದಾಗ ಅದರಲ್ಲಿ ಕರಗಿದ್ದ ಮ್ಯಾಂಗನೀಸ್ ಪದರಗಳ ನಡುವೆ ಕವಲು ಕವಲಾಗಿ ಹರಡಿ ಕಪ್ಪಗೆ ಕೂತುಬಿಡುತ್ತದೆ, ಇದಕ್ಕೆ ಡೆಂಡ್ರೈಟ್ ಅಂತಾರೆ. ನೋಡೋಕೆ ತುಂಬಾ ಚಂದ, ಅದು ನಿಜ. ಆದರೆ ಹತ್ತಿರದಿಂದ ನೋಡಿ, ಕವಲುಗಳು ಹೆಚ್ಚಾಗಿ ಬಿರುಕಿನ ಅಂಚಿನಿಂದಲೇ ಶುರುವಾಗಿರುತ್ತವೆ, ಎಲೆಯ ನರ ಒಂದೂ ಕಾಣಲ್ಲ.

ಭೀಮಾ ತೀರದ ಈ ಸುಣ್ಣದ ಕಲ್ಲು ಸಮುದ್ರದ ತಳದಲ್ಲಿ ಕೂತಿದ್ದು 54 ಕೋಟಿ ವರ್ಷಕ್ಕೂ ಹಿಂದೆ. ನೆಲದ ಮೇಲೆ ಗಿಡ ಬಂದದ್ದು ಸುಮಾರು 47 ಕೋಟಿ ವರ್ಷದ ಹಿಂದೆ, ಡೈನೋಸಾರ್ ಇನ್ನೂ ಈಚೆಗೆ, ಸುಮಾರು 23 ಕೋಟಿ. ಮತ್ತೆ ಜರಿಗಿಡ ಎಲ್ಲಿಂದ ಬರಬೇಕು? ಪಳೆಯುಳಿಕೆ ಅಂತ ಹೇಳಿ ಇಂಥ ಫರ್ಸಿಗೆ ಯಾರಾದರೂ ಜಾಸ್ತಿ ದುಡ್ಡು ಕೇಳಿದರೆ ಸುಮ್ನೆ ಕೊಡಬೇಡಿ.